ಖಾಲಿ ಇಲ್ಲದ ತಾಳ: ಬಾಂಬೆಯ ಒಂದು ಡಿಸ್ಕೋ-ರಾಗ ಆಲ್ಬಂನ ಪ್ರಕರಣ

"ಇದರಾಗ ಖಾಲಿ ಎಲ್ಲೈತೋ ತಮ್ಮಾ?"

ಹಾರ್ಮೋನಿಯಂ ನುಡಿಸುವ ಮಾಸ್ತರರು ಹೀಗೆ ಕೇಳಿದಾಗ ಮೂರನೇ ರಾಗ ನಡೆಯುತ್ತಿತ್ತು. ಭೂಪಾಲಿ. ಅವರ ಬಲಗೈ ತೊಡೆಯ ಮೇಲೆ ಹದಿನಾರು ಮಾತ್ರೆಯ ತಾಳವಾದ ತೀನ್‌ತಾಲ್ ಹಾಕುತ್ತಿತ್ತು. ಒಂದು ಪೆಟ್ಟು, ಇನ್ನೊಂದು ಪೆಟ್ಟು, ಆಮೇಲೆ ಅಂಗೈ ಮೇಲೆ ಮಾಡಿ ಬೀಸುವ ಖಾಲಿ, ಮತ್ತೆ ಪೆಟ್ಟು. ಸ್ಪೀಕರಿನಿಂದ ಬರುತ್ತಿದ್ದ ಬೀಟ್ ಮಾತ್ರ ಈ ಲೆಕ್ಕಕ್ಕೆ ಬಗ್ಗಲಿಲ್ಲ. ಧಂ, ಧಂ, ಧಂ, ಧಂ. ನಾಲ್ಕೂ ಒಂದೇ ತೂಕ. ಅವರು ಕೈ ಬೀಸಿದ ಜಾಗದಲ್ಲೂ ಧಂ.

ನಾನು ಅಂಧೇರಿಯ ಒಂದು ಸ್ಟುಡಿಯೋದಲ್ಲಿ ಸೌಂಡ್ ಕೆಲಸ ಮಾಡುತ್ತೇನೆ. ಸೀರಿಯಲ್, ಜಾಹೀರಾತು, ಡಬ್ಬಿಂಗ್, ಬಂದದ್ದನ್ನೆಲ್ಲ ಮಿಕ್ಸ್ ಮಾಡುವುದು. ಈ ಆಲ್ಬಂ ಐವತ್ತು ಸಲವಾದರೂ ಕೇಳಿರಬಹುದು. ಅದರ ಬೇಸ್ ಹೇಗಿದೆ, ಕಿಕ್ ಅನ್ನುವ ಡ್ರಮ್ಮಿನ ದಪ್ಪ ಪೆಟ್ಟು ಹೇಗಿದೆ ಅಂತ ಗಂಟೆಗಟ್ಟಲೆ ಮಾತಾಡಬಲ್ಲೆ. ಆದರೆ ಅದರಲ್ಲಿ ಖಾಲಿ ಇಲ್ಲ ಅನ್ನುವುದು ನನಗೆ ಹೊಳೆದಿರಲೇ ಇಲ್ಲ. ಒಂದು ರೆಕಾರ್ಡ್ ಬಂದಾಗ ಯಾಕೆ ಯಾರಿಗೂ ಬೇಕಾಗಲಿಲ್ಲ, ಇಪ್ಪತ್ತೇಳು ವರ್ಷದ ಮೇಲೆ ಯಾಕೆ ಎಲ್ಲರಿಗೂ ಬೇಕಾಯಿತು ಅಂತ ನಾನು ಗಂಭೀರವಾಗಿ ಯೋಚನೆ ಮಾಡಲು ಶುರುಮಾಡಿದ್ದು ಆ ಪ್ರಶ್ನೆಯಿಂದಲೇ.

ಆಲ್ಬಂ ಮತ್ತು ಅದನ್ನು ಮಾಡಿದವರು

ಆಲ್ಬಂ ಹೆಸರು 'ಸಿಂಥಸೈಸಿಂಗ್: ಟೆನ್ ರಾಗಾಸ್ ಟು ಎ ಡಿಸ್ಕೋ ಬೀಟ್'. ಮಾಡಿದವರು ಚರಣ್‌ಜಿತ್ ಸಿಂಗ್. 1982ರಲ್ಲಿ ಬಾಂಬೆಯಲ್ಲಿ ಎರಡೇ ದಿನದಲ್ಲಿ ರೆಕಾರ್ಡ್ ಆಯಿತು. ಮರುವರ್ಷ ಎಚ್‌ಎಂವಿ ಅದನ್ನು ಎಲ್‌ಪಿಯಾಗಿ ತಂದಿತು.

ಸಿಂಗ್ ಹಿಂದಿ ಸಿನಿಮಾದ ಆರ್ಕೆಸ್ಟ್ರಾಗಳಲ್ಲಿ ನುಡಿಸುತ್ತಿದ್ದವರು. ಅರವತ್ತರ ದಶಕದಿಂದಲೇ ಗಿಟಾರ್, ಬೇಸ್, ಕೀಬೋರ್ಡ್ ಎಲ್ಲ ಅವರ ಕೈಯಲ್ಲಿತ್ತು. ಆರ್. ಡಿ. ಬರ್ಮನ್ ಅವರಂಥ ದೊಡ್ಡ ಸಂಗೀತ ನಿರ್ದೇಶಕರ ಜೊತೆ ಕೆಲಸ. ಈ ಕೆಲಸದ ಸ್ವಭಾವ ನನಗೆ ಚೆನ್ನಾಗಿ ಗೊತ್ತು. ಬೆಳಗ್ಗೆ ಹೋಗುತ್ತೀರಿ, ಕಾಗದದಲ್ಲಿ ಬರೆದದ್ದನ್ನು ನುಡಿಸುತ್ತೀರಿ, ದುಡ್ಡು ತಗೊಂಡು ಮನೆಗೆ ಬರುತ್ತೀರಿ. ಹಾಡು ದೇಶವೆಲ್ಲ ಕೇಳುತ್ತದೆ. ನಿಮ್ಮ ಹೆಸರು ಯಾರಿಗೂ ಗೊತ್ತಾಗುವುದಿಲ್ಲ. ಅವರ ಹೆಸರಲ್ಲೇ ಬಂದ ಹಳೆಯ ಎಲ್‌ಪಿಗಳೂ ಇದ್ದವು. ಆದರೆ ಅವು ಸಿನಿಮಾ ಹಾಡುಗಳನ್ನು ವಾದ್ಯದಲ್ಲಿ ನುಡಿಸಿದವು. ರಾಗದ ಈ ಆಲ್ಬಂ ಮಾತ್ರ ತನ್ನ ಸ್ವಂತದ್ದು, ತಾನು ಮಾಡಿದ್ದರಲ್ಲಿ ಇದೇ ಒಳ್ಳೆಯದು ಎಂಬ ಅರ್ಥದಲ್ಲಿ ಅವರು ವಯಸ್ಸಾದ ಮೇಲೆ ಒಂದು ಸಂದರ್ಶನದಲ್ಲಿ ಹೇಳಿದ್ದಾರೆ. ಆ ಮಾತು ಓದಿದ ದಿನ ನನಗೆ ಕೆಲಸಕ್ಕೆ ಹೋಗಲು ಮನಸ್ಸಾಗಲಿಲ್ಲ.

ಐಡಿಯಾ ಸರಳವಾಗಿತ್ತು. ಆಗ ಸಿನಿಮಾದಲ್ಲಿ ಎಲ್ಲಿ ನೋಡಿದರೂ ಡಿಸ್ಕೋ. ಆ ಬೀಟ್ ಇಟ್ಟುಕೊಂಡು ಬೇರೆ ಏನಾದರೂ ಮಾಡೋಣ, ತಬಲಾ ತೆಗೆದು ರಾಗಕ್ಕೆ ಡಿಸ್ಕೋ ಬೀಟ್ ಕೊಡೋಣ ಅಂತ ಅವರಿಗೆ ಅನ್ನಿಸಿತು. ಅದಕ್ಕೆ ಅವರ ಹತ್ತಿರ ಮೂರು ಯಂತ್ರ ಇದ್ದವು, ಮೂರೂ ಜಪಾನಿನ ರೋಲಂಡ್ ಕಂಪನಿಯವು. ತಾಳಕ್ಕೆ ಟಿಆರ್-808 ಅನ್ನುವ ಡ್ರಮ್ ಯಂತ್ರ. ರಾಗ ನುಡಿಸಲು ಜ್ಯೂಪಿಟರ್-8 ಅನ್ನುವ ದೊಡ್ಡ ಸಿಂಥಸೈಸರ್. ಕೆಳಗೆ ಸುತ್ತುವ ಬೇಸ್‌ಗೆ ಟಿಬಿ-303. ಇಲೆಕ್ಟ್ರಾನಿಕ್ ವಾದ್ಯಗಳನ್ನು ಒಂದಕ್ಕೊಂದು ಜೋಡಿಸುವ ಮಿಡಿ ಪದ್ಧತಿ ಇನ್ನೂ ಬಂದಿರಲಿಲ್ಲ. ಅಂಥ ಕಾಲದಲ್ಲಿ, ಪರದೇಶದ ಸಾಮಾನು ತರುವುದೇ ಒಂದು ಸಾಹಸವಾಗಿದ್ದ ಊರಿನಲ್ಲಿ, ಒಬ್ಬರೇ ಕೂತು ಇವಿಷ್ಟನ್ನೂ ಒಂದು ತಾಳಕ್ಕೆ ತಂದರು.

303 ಬಗ್ಗೆ ಸ್ವಲ್ಪ ಹೇಳಲೇಬೇಕು. ಒಂದು ಅಡಿ ಅಗಲದ, ಬೆಳ್ಳಿ ಬಣ್ಣದ ಪ್ಲಾಸ್ಟಿಕ್ ಪೆಟ್ಟಿಗೆ. ಗಿಟಾರ್ ನುಡಿಸುವವರಿಗೆ ಪಕ್ಕದಲ್ಲಿ ಬೇಸ್ ನುಡಿಸಲು ಜನ ಇಲ್ಲದಿದ್ದರೆ ಇದು ನುಡಿಸಲಿ ಅಂತ ಮಾಡಿದ್ದು. ಬೇಸ್ ಗಿಟಾರಿನ ಹಾಗೆ ಅದು ಕೇಳಿಸಲೇ ಇಲ್ಲ. ಜೊತೆಗೆ ಅದಕ್ಕೆ ಸ್ವರ ತುಂಬುವುದೇ ಒಂದು ತಲೆನೋವು. ಮೊದಲು ಸ್ವರಗಳನ್ನು ಬೇರೆ ತುಂಬಬೇಕು, ಆಮೇಲೆ ಅವು ಎಷ್ಟು ಹೊತ್ತು ನಿಲ್ಲಬೇಕು ಅನ್ನುವುದನ್ನು ಬೇರೆ ತುಂಬಬೇಕು. ಸುಮಾರು ಹತ್ತು ಸಾವಿರ ಪೆಟ್ಟಿಗೆ ಮಾಡಿ 1984ರಲ್ಲಿ ಕಂಪನಿ ಕೈಬಿಟ್ಟಿತು. 808 ಗತಿಯೂ ಹೆಚ್ಚುಕಡಿಮೆ ಅದೇ. ಸುಮಾರು ಹನ್ನೆರಡು ಸಾವಿರ ಆಗುವಷ್ಟರಲ್ಲಿ, 1983ಕ್ಕೆ ನಿಂತಿತು.

ಆದರೆ 303ರಲ್ಲಿ ಒಂದು ಗುಣ ಇತ್ತು. ಅದರಲ್ಲಿ ಸ್ಲೈಡ್ ಅಂತ ಒಂದು ಸೌಕರ್ಯ ಇದೆ. ಅದನ್ನು ಹಾಕಿದರೆ ಒಂದು ಸ್ವರದಿಂದ ಇನ್ನೊಂದಕ್ಕೆ ಯಂತ್ರ ಜಿಗಿಯುವುದಿಲ್ಲ, ಜಾರುತ್ತದೆ. ಜಾರುವುದು ಅಂದರೆ ನಮಗೆ ಏನು? ಮೀಂಡ್. ಕರ್ನಾಟಕ ಸಂಗೀತದವರು ಜಾರು ಅಂತಲೇ ಕರೆಯುತ್ತಾರೆ, ಗಮಕದಲ್ಲಿ ಅದೂ ಒಂದು. ಜಪಾನಿನ ಎಂಜಿನಿಯರುಗಳು ರಾಗ ತಲೆಯಲ್ಲಿಟ್ಟುಕೊಂಡು ಅದನ್ನು ಮಾಡಿರಲಿಕ್ಕಿಲ್ಲ. ರಾಗ ಗೊತ್ತಿದ್ದ ಒಬ್ಬರ ಕೈಗೆ ಅದು ಸಿಕ್ಕಿತು, ಅಷ್ಟೇ.

ಮೊದಲ ಸಲ ಕೆಟ್ಟಿತು

ನಾಲ್ಕು ಜನರಿಗೆ ಕೇಳಿಸುವ ಯೋಚನೆ ಬಂದದ್ದು ಆಕಸ್ಮಿಕವಾಗಿ. ಡೊಂಬಿವಲಿಯಲ್ಲಿ ನಮ್ಮ ಚಿಕ್ಕಮ್ಮನ ಮನೆ ಇದೆ. ಅವರು ಉಡುಪಿ ಕಡೆಯವರು, ಚಿಕ್ಕಂದಿನಲ್ಲಿ ಕರ್ನಾಟಕ ಸಂಗೀತ ಕಲಿತವರು, ಇಲ್ಲಿ ಹೆಂಗಸರ ಭಜನಾ ಮಂಡಳಿ ನಡೆಸುತ್ತಾರೆ. ಅದೇ ಮಂಡಳಿಗೆ ಹಾರ್ಮೋನಿಯಂ ನುಡಿಸುವವರು ಮಾಸ್ತರರು. ಧಾರವಾಡದವರು. 1971ರಲ್ಲಿ ಬಾಂಬೆಗೆ ಬಂದು ಪರೇಲಿನ ಒಂದು ಬಟ್ಟೆ ಗಿರಣಿಯ ಟೈಮ್ ಆಫೀಸಿನಲ್ಲಿ ಗುಮಾಸ್ತರಾಗಿದ್ದರು. ಒಂದು ಸಂಜೆ ಭಜನೆ ಮುಗಿದು ಕಾಫಿ ಕುಡಿಯುವಾಗ ನಾನು ಸುಮ್ನೆ ಫೋನಿನಲ್ಲಿ ಈ ಆಲ್ಬಂ ಹಾಕಿದೆ.

ಎರಡು ನಿಮಿಷ ಕೂಡ ನಡೆಯಲಿಲ್ಲ. "ಸೊಳ್ಳೆ ಗುಂಯ್‌ಗುಟ್ಟಿದ ಹಾಗೆ ಉಂಟಲ್ಲ" ಅಂದರು ಚಿಕ್ಕಮ್ಮ. ಮಾಸ್ತರರು ಏನೂ ಹೇಳಲಿಲ್ಲ, ಹಾರ್ಮೋನಿಯಂ ಪೆಟ್ಟಿಗೆ ಮುಚ್ಚಿದರು. ನನಗೆ ಬಹಳ ಬೇಜಾರಾಯಿತು. ಆ ಸಂಗೀತದ ಪರವಾಗಿ ಅವಮಾನ ಆದ ಹಾಗೆ ಅನ್ನಿಸಿತು.

ಮನೆಗೆ ಬರುವಾಗ ತಪ್ಪು ಎಲ್ಲಿ ಅಂತ ಹೊಳೆಯಿತು. ಇದು ನನ್ನದೇ ಕಸುಬಿನ ವಿಷಯ, ಆದರೂ ಮರೆತಿದ್ದೆ. 808ರ ಕಿಕ್ ಇರುವುದು 50 ಹರ್ಟ್ಸ್ ಆಸುಪಾಸಿನಲ್ಲಿ. ಫೋನಿನ ಸ್ಪೀಕರ್ ಅಲ್ಲಿಗೆ ಇಳಿಯುವುದೇ ಇಲ್ಲ, ಕೆಲವು ನೂರು ಹರ್ಟ್ಸ್‌ನ ಕೆಳಗೆ ಅದಕ್ಕೆ ದನಿಯೇ ಇಲ್ಲ. ಅಂದರೆ ಅವರಿಬ್ಬರು ಕೇಳಿದ್ದು ಅರ್ಧ ಸಂಗೀತ. ತಾಳ ಇಲ್ಲ, ಬೇಸ್‌ನ ಹೊಟ್ಟೆ ಇಲ್ಲ, ಮೇಲಿನ ಕೀರಲು ಮಾತ್ರ. ಸೊಳ್ಳೆ ಅಂದದ್ದು ಸರಿಯೇ.

ಅಲ್ಲೇ ನನಗೆ 1983 ನೆನಪಾಯಿತು. ಈ ಆಲ್ಬಂನ ತುಣುಕುಗಳು ಆಗ ಆಕಾಶವಾಣಿಯಲ್ಲಿ ಬಂದಿದ್ದವು. ಆದರೂ ಎಲ್‌ಪಿ ಹೋಗಲಿಲ್ಲ. ಯಾಕೆ ಹೋಗಲಿಲ್ಲ ಅಂತ ಕೇಳಿದರೆ, ಕಾಲಕ್ಕಿಂತ ಮುಂದಿತ್ತು ಅಂತ ಎಲ್ಲರೂ ಹೇಳುತ್ತಾರೆ. ಆ ಮಾತು ನನಗೆ ಸಾಕಾಗುವುದಿಲ್ಲ. ಆಗ ಮನೆಗಳಲ್ಲಿ ಏನಿತ್ತು ನೋಡಿ. ಮೀಡಿಯಂ ವೇವ್ ರೇಡಿಯೋ. ಸ್ಟೇಷನ್ ಸ್ಟೇಷನ್ ನಡುವೆ 9 ಕಿಲೋಹರ್ಟ್ಸ್ ಮಾತ್ರ ಜಾಗ, ಹಾಗಾಗಿ ದನಿಯ ಮೇಲಿನ ತುದಿ ನಾಲ್ಕೂವರೆ ಸಾವಿರ ಹರ್ಟ್ಸ್ ಹೊತ್ತಿಗೆ ಕತ್ತರಿಸಿ ಹೋಗುತ್ತದೆ. ಕೆಳಗಿನ ತುದಿಯನ್ನು ಸೆಟ್‌ನ ಅಂಗೈಯಗಲದ ಸ್ಪೀಕರ್ ನುಂಗುತ್ತದೆ. ಮಾತು, ಹಾಡು, ಸಿತಾರ್ ಎಲ್ಲ ಅದರಲ್ಲಿ ಚೆನ್ನಾಗಿಯೇ ಬರುತ್ತಿತ್ತು, ಯಾಕೆಂದರೆ ಅವುಗಳ ಜೀವ ನಡುವಿನಲ್ಲಿದೆ. ಈ ಆಲ್ಬಂನ ಜೀವ ಎರಡೂ ತುದಿಯಲ್ಲಿದೆ. ರೇಡಿಯೋ ಕೇಳಿದವರಿಗೂ ಸೊಳ್ಳೆಯೇ ಸಿಕ್ಕಿರಬೇಕು ಅಂತ ನನ್ನ ಅಂದಾಜು.

ಎರಡನೇ ಸಲ

ಮುಂದಿನ ರವಿವಾರ ನಾನು ನನ್ನ ಎರಡೂ ಮಾನಿಟರ್ ಸ್ಪೀಕರುಗಳನ್ನು ಆಟೋದಲ್ಲಿಟ್ಟುಕೊಂಡು ಚಿಕ್ಕಮ್ಮನ ಮನೆಗೆ ಹೋದೆ. ನನ್ನ ಅಕ್ಕನ ಮಗನಿಗೂ ಬಾ ಅಂದಿದ್ದೆ. ಅವನು ಲೋವರ್ ಪರೇಲಿನ ಕ್ಲಬ್ಬಿನಲ್ಲಿ ಡಿಜೆ. ರೈಲು ಹಳಿ ರಿಪೇರಿಯ ಮೆಗಾಬ್ಲಾಕ್ ಇದ್ದದ್ದರಿಂದ ಒಂದು ಗಂಟೆ ತಡವಾಗಿ ಬಂದ. ಮಾಸ್ತರರು ಬರುತ್ತಾರೋ ಇಲ್ಲವೋ ಅಂತ ಅನುಮಾನ ಇತ್ತು. ಬಂದರು. "ಚಿಕ್ಕಮ್ಮಾರು ಶಿರಾ ಮಾಡ್ಯಾರಂತ ಬಂದೆ" ಅಂದರು.

ಮೊದಲು ಭೈರವಿ. ಬೀಟ್ ಕೂತಾಗ ಚಿಕ್ಕಮ್ಮ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತರು. ಕಿಟಕಿಯ ಗಾಜು ಸಣ್ಣಗೆ ನಡುಗುತ್ತಿತ್ತು. "ಓ, ಅಂದು ಇದು ಇರಲೇ ಇಲ್ಲ" ಅಂದರು.

ಮಾಸ್ತರರ ಮೊದಲ ತಕರಾರು ಸರದಿಯ ಬಗ್ಗೆ. ಭೈರವಿ ಅಂದರೆ ಕಛೇರಿ ಮುಗಿಸುವ ರಾಗ. ಅದನ್ನು ಹಾಡಿದ ಮೇಲೆ ತಂಬೂರಿ ಕೆಳಗಿಡುತ್ತಾರೆ. ಇಲ್ಲಿ ಅದರಿಂದಲೇ ಶುರು. ಆಮೇಲೆ ನಸುಕಿನ ಲಲಿತ್, ಅದರ ಬೆನ್ನಿಗೆ ಸಂಜೆ ಕಳೆದ ಮೇಲಿನ ಭೂಪಾಲಿ, ಮತ್ತೆ ಬೆಳಗಿನ ತೋಡಿ, ಮಧ್ಯಾಹ್ನ ಇಳಿದ ಮೇಲಿನ ಮಧುವಂತಿ. ಇನ್ನೊಂದು ಬದಿಯಲ್ಲಿ ಮಳೆಯ ಮೇಘಮಲ್ಹಾರ್, ಯಮನ್, ಕಲಾವತಿ, ನಡುರಾತ್ರಿಯ ಮಾಲಕಂಸ, ಕೊನೆಗೆ ಮತ್ತೆ ಬೆಳಗಿನ ಬೈರಾಗಿ. ಹೊತ್ತಿನ ಲೆಕ್ಕವೇ ಇಲ್ಲ. ಅಕ್ಕನ ಮಗ ನಕ್ಕ. "ಅಜ್ಜಾ, ಕ್ಲಬ್ಬಿನ ಒಳಗೆ ಹಗಲು ಯಾವುದು ರಾತ್ರಿ ಯಾವುದು ಗೊತ್ತಾಗಲ್ಲ" ಅಂದ. ಮಾಸ್ತರರು ನಗಲಿಲ್ಲ, ಆದರೆ ಅವನ ಕಡೆ ತಿರುಗಿ ನೋಡಿದರು. ಆ ಉತ್ತರ ಅವರಿಗೆ ಹಿಡಿಸಿತು ಅಂತ ನನಗನ್ನಿಸಿತು.

ಭೂಪಾಲಿ ಬಂದ ಕೂಡಲೇ ಚಿಕ್ಕಮ್ಮ, "ಇದು ಮೋಹನ ಅಲ್ವಾ!" ಅಂದರು. ಆಮೇಲೆ ಅವರಿಗೆ ಅದೊಂದು ಆಟವಾಯಿತು. ಮಾಲಕಂಸ ಬಂದಾಗ ಹಿಂದೋಳ. ಬೈರಾಗಿಗೆ ರೇವತಿ. ಯಮನ್‌ಗೆ ಕಲ್ಯಾಣಿ. ಕಲಾವತಿ ಬಂದಾಗ ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಕೂತು, "ವಲಚಿ" ಅಂದರು. ಮುಂಬೈಯಲ್ಲಿ ಒಬ್ಬ ಪಂಜಾಬಿ ಹೆಸರಿನ ಕಲಾವಿದ ಜಪಾನಿನ ಪೆಟ್ಟಿಗೆಯಲ್ಲಿ ನುಡಿಸಿದ ಹಿಂದೂಸ್ತಾನಿ ರಾಗವನ್ನು ಉಡುಪಿಯ ಹೆಂಗಸೊಬ್ಬರು ದೇವರನಾಮದ ರಾಗವಾಗಿ ಗುರುತು ಹಿಡಿಯುತ್ತಿದ್ದರು. ಈ ಆಲ್ಬಂಗೆ ಸಿಕ್ಕ ಸ್ವಾಗತಗಳಲ್ಲಿ ಇದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ.

ಈ ಪಟ್ಟಿ ನೋಡಿದರೆ ಇನ್ನೊಂದು ವಿಷಯ ಕಾಣುತ್ತದೆ. ಹತ್ತರಲ್ಲಿ ಐದು ರಾಗ ಐದೇ ಸ್ವರದವು: ಭೂಪಾಲಿ, ಮಾಲಕಂಸ, ಕಲಾವತಿ, ಬೈರಾಗಿ, ಮತ್ತು ಮೇಘದ ಮೂಲ ರೂಪವೂ ಹಾಗೆಯೇ. ಯಂತ್ರಕ್ಕೆ ಇದು ಒಳ್ಳೆಯ ಆಯ್ಕೆ. ಐದೇ ಸ್ವರ ಇದ್ದರೆ ಕೆಳಗೆ ಬೇಸ್ ಯಾವ ಸ್ವರದ ಮೇಲೆ ಸುತ್ತಿದರೂ ಮೇಲಿನ ರಾಗಕ್ಕೆ ಅಡ್ಡ ಬರುವುದು ಕಡಿಮೆ. ಕಷ್ಟ ಇರುವುದು ತೋಡಿಯಲ್ಲಿ. ಅಲ್ಲಿ ಗಾಂಧಾರ ಮಾಮೂಲಿ ಕೋಮಲಕ್ಕಿಂತ ಇನ್ನೂ ಕೆಳಗೆ ಕೂರಬೇಕು, ಅಲುಗಾಡಬೇಕು. ಕೀಬೋರ್ಡಿನ ಪಟ್ಟಿಯಲ್ಲಿ ಆ ಜಾಗ ಇಲ್ಲ. ಮಾಸ್ತರರಿಗೆ ಇದು ಹೊಸ ವಿಷಯವೇನಲ್ಲ, ಅವರ ಹಾರ್ಮೋನಿಯಂಗೂ ಅದೇ ಬಡತನ. ಇದೇ ಕಾರಣಕ್ಕೆ ಆಕಾಶವಾಣಿ ಹಾರ್ಮೋನಿಯಂ ಅನ್ನು 1940ರಿಂದ 1971ರ ತನಕ ಹೊರಗಿಟ್ಟಿತ್ತು. ತೋಡಿ ಮುಗಿದಾಗ ಅವರು ಅಂದದ್ದು ಇಷ್ಟೇ: "ನನಗಿಂತ ಛಲೋ ಜಾರತಾನ."

ಮತ್ತೆ ಖಾಲಿಯ ಪ್ರಶ್ನೆಗೆ ಬರುತ್ತೇನೆ. ತೀನ್‌ತಾಲ್‌ನಲ್ಲಿ ಹದಿನಾರು ಮಾತ್ರೆ. ಒಂಬತ್ತನೆಯದು ಖಾಲಿ. ಅಲ್ಲಿ ತಬಲಾ ಜೋಡಿಯಲ್ಲಿ ಎಡಗೈಯಿಂದ ನುಡಿಸುವ ಬಾಯಾದ ದನಿ ಹಿಂದೆ ಸರಿಯುತ್ತದೆ, ತಾಳ ಹಗುರಾಗುತ್ತದೆ. ಆ ಹಗುರ ಕೇಳಿದ ಕೂಡಲೇ ಹಾಡುವವರಿಗೂ ಕೇಳುವವರಿಗೂ ಗೊತ್ತು, ಇನ್ನು ಅರ್ಧ ದಾರಿ, ಸಮ್ ಅಂದರೆ ತಾಳದ ಮೊದಲ ಪೆಟ್ಟು ಬರುತ್ತದೆ ಅಂತ. ಸಮ್ ಮೇಲೆ ಬಂದು ಕೂತಾಗ ತಲೆ ಆಡಿಸುವ ಸುಖ ಇದೆಯಲ್ಲ, ಅದು ಹುಟ್ಟುವುದು ಖಾಲಿಯಿಂದ. 303ರಲ್ಲೂ ಒಂದು ಸುತ್ತಿಗೆ ಹದಿನಾರು ಮನೆ ಇದೆ. ನಾನು ಅದನ್ನು ಹೇಳಿದಾಗ ಮಾಸ್ತರರ ಮುಖ ಅರಳಿತು. ಆದರೆ ಆ ಹದಿನಾರು ನಾಲ್ಕೇ ಪೆಟ್ಟಿನೊಳಗೆ ಮುಗಿದುಹೋಗುತ್ತದೆ, ಮತ್ತೆ ಮೊದಲಿಂದ. ಡಿಸ್ಕೋ ಬೀಟಿನಲ್ಲಿ ಎಲ್ಲ ಪೆಟ್ಟೂ ಸಮ್. ಹಾಗಾಗಿ ಎಲ್ಲೂ ಸಮ್ ಇಲ್ಲ.

ರಾಗ ಗೊತ್ತಿದ್ದವರು 1983ರಲ್ಲಿ ಇದನ್ನು ಯಾಕೆ ಬದಿಗಿಟ್ಟಿರಬಹುದು ಅನ್ನುವುದಕ್ಕೆ ಇಷ್ಟು ಸ್ಪಷ್ಟವಾದ ಕಾರಣ ನಾನು ಬೇರೆಲ್ಲೂ ಓದಿಲ್ಲ. ಅವರು ಹೊಸತನ್ನು ಒಪ್ಪದವರು ಅಂತ ಹೇಳಿ ಮುಗಿಸುವುದು ಅನ್ಯಾಯ. ಅವರ ಕಿವಿ ಎದುರು ನೋಡುವ ಜಾಗವೇ ಅಲ್ಲಿ ಇರಲಿಲ್ಲ.

ಮಾಸ್ತರರು ಅಲ್ಲಿಗೇ ಬಿಡಲಿಲ್ಲ. ಮಧುವಂತಿ ನಡೆಯುವಾಗ ಶಿರಾ ತಟ್ಟೆ ಕೆಳಗಿಟ್ಟು ಎದ್ದುಹೋಗಿ ಸ್ಪೀಕರಿನ ಹತ್ತಿರ ಕುಕ್ಕರುಗಾಲಲ್ಲಿ ಕೂತರು. ಬೆರಳು ಗಾಳಿಯಲ್ಲಿ ಹಾರ್ಮೋನಿಯಂ ನುಡಿಸುತ್ತಿತ್ತು. ಮೇಲಿನ ರಾಗವನ್ನಲ್ಲ, ಕೆಳಗಿನ ಬೇಸನ್ನು.

"ಇದು ಲೆಹರಾ" ಅಂದರು.

ಲೆಹರಾ ಗೊತ್ತಿಲ್ಲದವರಿಗೆ: ತಬಲಾ ಸೋಲೋ ಇದ್ದಾಗ ಅಥವಾ ಕಥಕ್ ಕುಣಿಯುವಾಗ ಹಾರ್ಮೋನಿಯಂನವರು ಒಂದೇ ಸಣ್ಣ ಸ್ವರದ ಸಾಲನ್ನು ಗಂಟೆಗಟ್ಟಲೆ ನುಡಿಸುತ್ತಾ ಇರುತ್ತಾರೆ. ಅದು ಬದಲಾಗಬಾರದು. ತಬಲಾದವರು ಎಲ್ಲಿಗೆ ಹೋಗಿ ಬಂದರೂ ತಾಳದ ಮನೆ ಎಲ್ಲಿದೆ ಅಂತ ತೋರಿಸುವ ದೀಪ ಅದು. ಹಾರ್ಮೋನಿಯಂನವರ ಬದುಕಿನಲ್ಲಿ ಅರ್ಧ ಲೆಹರಾ ನುಡಿಸುವುದರಲ್ಲೇ ಹೋಗುತ್ತದೆ. ಇಲ್ಲಿ ಆ ಕೆಲಸ ಪೆಟ್ಟಿಗೆ ಮಾಡುತ್ತಿದೆ. ಆದರೆ ತಿರುವುಮುರುವು. ಸೋಲೋದಲ್ಲಿ ಲೆಹರಾ ನಿಂತಿರುತ್ತದೆ, ತಾಳವಾದ್ಯ ಓಡಾಡುತ್ತದೆ. ಇಲ್ಲಿ ಲೆಹರಾವೂ ನಿಂತಿದೆ, ತಾಳವೂ ನಿಂತಿದೆ, ರಾಗ ಒಂದೇ ಓಡಾಡುತ್ತದೆ. ತಂಬೂರಿ ಇಲ್ಲದ ಕೊರತೆಯನ್ನೂ ಆ ಬೇಸ್ ತುಂಬುತ್ತದೆ. ನಾನು ಇದನ್ನು ಇಷ್ಟು ವರ್ಷ ಬೇಸ್‌ಲೈನ್ ಅಂತ ಕರೆಯುತ್ತಾ ಬಂದಿದ್ದೆ. ಆ ಪದ ತಪ್ಪಲ್ಲ. ಆದರೆ ಲೆಹರಾ ಅಂದ ಮೇಲೆ ನನಗೆ ಇಡೀ ಆಲ್ಬಂ ಬೇರೆ ಥರ ಕೇಳಿಸತೊಡಗಿತು. ಬಾಂಬೆಯ ಒಬ್ಬ ವಾದ್ಯಗಾರರು ತಮಗೆ ಜೊತೆ ನುಡಿಸಲು ಸುಸ್ತಾಗದ, ತಪ್ಪದ ಒಬ್ಬ ಲೆಹರಾದವನನ್ನು ಹುಡುಕಿಕೊಂಡಿದ್ದರು.

ಅಕ್ಕನ ಮಗನಿಗೆ ಇದಾವುದೂ ಬೇಕಿರಲಿಲ್ಲ. ಅವನಿಗೆ ನಂಬಿಕೆಯೇ ಬಂದಿರಲಿಲ್ಲ. ಈ ಥರದ ಸದ್ದು ಅವನಿಗೆ ಗೊತ್ತಿದ್ದದ್ದು ವರ್ಷಗಳ ಮೇಲೆ ಬಂದ ಕ್ಲಬ್ ಸಂಗೀತದಿಂದ. "ಮಾಮ, 1982 ಅಂದ್ರೆ ಚಾನ್ಸೇ ಇಲ್ಲ. ಯಾರೋ ಆಮೇಲೆ ಮಾಡಿ ಹಳೇ ಕವರ್ ಹಾಕಿದಾರೆ." ಅವನೊಬ್ಬನೇ ಅಲ್ಲ. ಆಲ್ಬಂ ಮತ್ತೆ ಬಂದಾಗ ಪರದೇಶದಲ್ಲೂ ಎಷ್ಟೋ ಜನ ಹೀಗೇ ಅನುಮಾನಪಟ್ಟರು. ಇಂಗ್ಲೆಂಡಿನ ಇಲೆಕ್ಟ್ರಾನಿಕ್ ಸಂಗೀತಗಾರ ಏಫೆಕ್ಸ್ ಟ್ವಿನ್ ಮಾಡಿದ ತಮಾಷೆ ಇರಬೇಕು ಅನ್ನುವ ಮಾತೂ ಹಬ್ಬಿತ್ತು. ಬಾಂಬೆಯಿಂದ ಇಂಥದ್ದು ಬರಲು ಸಾಧ್ಯ ಅಂತ ನಂಬುವುದಕ್ಕಿಂತ, ಇಂಗ್ಲೆಂಡಿನವರೊಬ್ಬರು ಸುಳ್ಳು ಹೇಳುತ್ತಿದ್ದಾರೆ ಅಂತ ನಂಬುವುದು ಜನಕ್ಕೆ ಸುಲಭವಾಯಿತು. ಇದು ನನಗೆ ಇವತ್ತಿಗೂ ಚುಚ್ಚುತ್ತದೆ.

ಯಾವ ಕಪಾಟಿನಲ್ಲಿ ಇಡುವುದು

ರೆಕಾರ್ಡ್ ಅಂಗಡಿಯವರ ಜಾಗದಲ್ಲಿ ನಿಂತು ನೋಡಿ. 1983. ನಿಮ್ಮ ಹತ್ತಿರ ಒಂದು ಎಲ್‌ಪಿ ಬಂದಿದೆ. ಶಾಸ್ತ್ರೀಯದ ಕಪಾಟಿನಲ್ಲಿ ಇಟ್ಟರೆ ಭೀಮಸೇನ ಜೋಶಿಯವರನ್ನು ಹುಡುಕಿಕೊಂಡು ಬಂದವರು ಡಿಸ್ಕೋ ಅನ್ನುವ ಪದ ನೋಡಿ ಕೈಬಿಡುತ್ತಾರೆ. ಡಿಸ್ಕೋ ಕಪಾಟಿನಲ್ಲಿ ಇಟ್ಟರೆ, ಅಲ್ಲಿಗೆ ಬಂದವರಿಗೆ ಹಾಡು ಬೇಕು, ಹಾಡುವ ಗಂಟಲು ಬೇಕು. ಸಿನಿಮಾ ವಾದ್ಯಸಂಗೀತದ ಕಪಾಟಿನಲ್ಲಿ ಇಟ್ಟರೆ ಇದರಲ್ಲಿ ಒಂದೂ ಸಿನಿಮಾ ಹಾಡಿಲ್ಲ. ಎಲ್ಲಿ ಇಟ್ಟರೂ ಅಲ್ಲಿ ಅದು ಅಪರಿಚಿತ.

ಕುಣಿಯುವವರ ಮಾತು ಬೇರೆ. ಆಗ ನಮ್ಮ ಜನ ಡಿಸ್ಕೋ ನೋಡಿದ್ದು ಪರದೆಯ ಮೇಲೆ. ನಿಜವಾದ ಡಿಸ್ಕೋ ಇದ್ದದ್ದು ದೊಡ್ಡ ಹೋಟೆಲುಗಳ ಒಳಗೆ, ಅಲ್ಲಿಗೆ ಹೋಗುವವರಿಗೆ ಬೇಕಾದದ್ದು ಪರದೇಶದ ಹಾಡು. ಅದೇ ವರ್ಷಗಳಲ್ಲಿ ಕ್ಯಾಸೆಟ್ ಬೇರೆ ಬಂದು ಎಲ್‌ಪಿಯ ಕಾಲ ಇಳಿಯತೊಡಗಿತ್ತು.

ಮಾಸ್ತರರನ್ನು ಕೇಳಿದೆ, ನೀವು ಆಗ ರೆಕಾರ್ಡ್ ಕೊಳ್ಳುತ್ತಿದ್ದಿರಾ ಅಂತ. ಅವರು ನನ್ನನ್ನು ಒಂದು ಥರ ನೋಡಿದರು. "ಬ್ಯಾಂಶಿ ಅಂದರ ನಮಗ ಸಂಪು" ಅಂದರು. ಬ್ಯಾಂಶಿ ಅಂದರೆ ಎಂಬತ್ತೆರಡು. 1982ರ ಜನವರಿ 18ಕ್ಕೆ ದತ್ತಾ ಸಾಮಂತರ ಮುಂದಾಳತ್ವದಲ್ಲಿ ಗಿರಣಿಗಳ ಸಂಪು ಶುರುವಾಯಿತು. ಸುಮಾರು ಎರಡೂವರೆ ಲಕ್ಷ ಜನ ಕೆಲಸ ಬಿಟ್ಟು ಹೊರಗೆ ನಿಂತರು. ಒಂದು ವರ್ಷಕ್ಕೂ ಮೀರಿ ಎಳೆಯಿತು, ಎಷ್ಟೋ ಗಿರಣಿಗಳು ಮತ್ತೆ ತೆರೆಯಲೇ ಇಲ್ಲ. ಮಾಸ್ತರರು ಆ ವರ್ಷ ಮಾಟುಂಗದಲ್ಲಿ ಮಕ್ಕಳಿಗೆ ಹಾರ್ಮೋನಿಯಂ ಪಾಠ ಹೇಳಿ ಸಂಸಾರ ನಡೆಸಿದರು. ಅಂದರೆ ಒಂದೇ ವರ್ಷ, ಒಂದೇ ಊರು. ಒಬ್ಬರು ಹೊಸ ಯಂತ್ರದಲ್ಲಿ ರಾಗ ಹುಡುಕುತ್ತಿದ್ದರು, ಇನ್ನೊಬ್ಬರು ಹಳೇ ಪೆಟ್ಟಿಗೆಯಲ್ಲಿ ಅದೇ ರಾಗ ಹೇಳಿಕೊಟ್ಟು ಅಕ್ಕಿ ತರುತ್ತಿದ್ದರು.

ಅಕ್ಕನ ಮಗ ಕೆಲಸ ಮಾಡುವ ಕ್ಲಬ್ ಇರುವುದು ಅಂಥದೇ ಒಂದು ಹಳೇ ಗಿರಣಿಯ ಆವರಣದಲ್ಲಿ. ಅದು ಯಾವ ಬೀದಿ, ಯಾವ ಗೇಟು ಅಂತ ಮಾಸ್ತರರು ಬಿಡಿಸಿ ಬಿಡಿಸಿ ಕೇಳಿದರು. ಅವನು ಹೇಳಿದ. ಅವರು ಸುಮ್ಮನಾದರು.

ಪರದೇಶದಿಂದ ಬಂದ ಸ್ವಾಗತ

2002ರಲ್ಲಿ ಹಾಲೆಂಡಿನ ಎಡೋ ಬೌಮನ್ ಎಂಬ ಸಂಗ್ರಾಹಕರು ಹಳೇ ಹಿಂದಿ ಸಿನಿಮಾ ಸಂಗೀತ ಹುಡುಕುತ್ತಾ ದೆಹಲಿಗೆ ಬಂದಿದ್ದರು. ಒಂದು ಸಣ್ಣ ಅಂಗಡಿಯಲ್ಲಿ ಈ ಎಲ್‌ಪಿ ಸಿಕ್ಕಿತು. ಹೋಟೆಲ್ ರೂಮಿನಲ್ಲಿ ಹಾಕಿ ಕೇಳಿ ದಂಗಾದರು. ಆಮೇಲೆ ಮುಂಬೈಯಲ್ಲಿ ಸಿಂಗ್ ಅವರನ್ನು ಹುಡುಕಿ ಭೇಟಿಯಾದರು. 2010ರಲ್ಲಿ ತಮ್ಮ ಬಾಂಬೆ ಕನೆಕ್ಷನ್ ಲೇಬಲ್‌ನಿಂದ ಆಲ್ಬಂ ಮತ್ತೆ ತಂದರು. ಅಲ್ಲಿಂದ ಒಂದೇ ಸುದ್ದಿ: ಆಸಿಡ್ ಹೌಸ್ ಅನ್ನುವ ಕ್ಲಬ್ ಸಂಗೀತ ಹುಟ್ಟಿದ್ದು ಶಿಕಾಗೋದಲ್ಲಲ್ಲ, ಬಾಂಬೆಯಲ್ಲಿ!

ಈ ಸುದ್ದಿ ಯಾಕೆ ಹುಟ್ಟಿತು ಅಂತ ಅರ್ಥ ಮಾಡಿಕೊಳ್ಳುವುದು ಕಷ್ಟವಲ್ಲ. ಶಿಕಾಗೋದ ಫ್ಯೂಚರ್ ಎಂಬ ತಂಡದ ಹುಡುಗರು ಯಾರಿಗೂ ಬೇಡವಾದ 303 ಒಂದನ್ನು ಕಡಿಮೆ ದುಡ್ಡಿಗೆ ತಂದು, ಅದರ ಗುಂಡಿಗಳನ್ನು ತಿರುಗಿಸುತ್ತಾ 'ಆಸಿಡ್ ಟ್ರ್ಯಾಕ್ಸ್' ಮಾಡಿದರು. ಅದು ಹೊರಬಂದದ್ದು 1987ರಲ್ಲಿ. ಆಸಿಡ್ ಹೌಸ್ ಅನ್ನುವ ಇಡೀ ಪಂಗಡ ಅಲ್ಲಿಂದ ಬೆಳೆಯಿತು. ಅದೇ ಪೆಟ್ಟಿಗೆ, ಅದೇ ಜಾರುವ ಬೇಸ್, ಅದೇ ನಾಲ್ಕು ಪೆಟ್ಟು ಐದು ವರ್ಷ ಮೊದಲೇ ಬಾಂಬೆಯಲ್ಲಿ! ಕೇಳಿದವರಿಗೆ ರೋಮಾಂಚನವಾದದ್ದು ಸಹಜ. ನನಗೂ ಆಗಿತ್ತು.

ಈಗ ನಾನು ಆ ಪಟ್ಟಕ್ಕೆ ಒಪ್ಪುವುದಿಲ್ಲ. ಮೊದಲನೆಯದಾಗಿ, ಶಿಕಾಗೋದ ಹುಡುಗರು ಇದನ್ನು ಕೇಳಿರಲಿಲ್ಲ, ಸಿಂಗ್ ಅವರಿಗೆ ಆಸಿಡ್ ಹೌಸ್ ಅಂದರೆ ಏನೆಂದು ಗೊತ್ತಿರಲಿಲ್ಲ. ಒಂದರಿಂದ ಇನ್ನೊಂದು ಹುಟ್ಟಿಲ್ಲ. ಒಂದೇ ಯಂತ್ರ ಎರಡು ಊರಿನಲ್ಲಿ ಎರಡು ಕೈಗೆ ಸಿಕ್ಕಿತು. ಅದಕ್ಕಿಂತ ಮುಖ್ಯ, ಎರಡು ಕೈ ಮಾಡಿದ್ದು ಬೇರೆ ಬೇರೆ ಕೆಲಸ. ಶಿಕಾಗೋದಲ್ಲಿ ಸ್ವರದ ಸಾಲು ಹಾಗೇ ಇರುತ್ತದೆ, ಗುಂಡಿ ತಿರುಗಿಸಿದಂತೆಲ್ಲ ಅದರ ಬಣ್ಣ ಬದಲಾಗುತ್ತದೆ. ಆ ಬಣ್ಣದ ಬದಲಾವಣೆಯೇ ಅಲ್ಲಿ ಸಂಗೀತ. ಬಾಂಬೆಯಲ್ಲಿ ಬೇಸ್ ಬರೀ ಲೆಹರಾ. ಸಂಗೀತ ಇರುವುದು ಮೇಲೆ, ಜ್ಯೂಪಿಟರ್ ಮೇಲೆ ಓಡುವ ಬೆರಳುಗಳಲ್ಲಿ. 303 ಕೇಳಿ ಕೂಗಿದವರು ಆ ಬೆರಳುಗಳನ್ನು ಕೇಳಲಿಲ್ಲ. 1983ರಲ್ಲಿ ಇಲ್ಲಿನವರು ಮೇಲಿನದ್ದನ್ನಷ್ಟೇ ಕೇಳಿದರು, 2010ರಲ್ಲಿ ಅಲ್ಲಿನವರು ಕೆಳಗಿನದ್ದನ್ನಷ್ಟೇ ಕೇಳಿದರು. ಎರಡೂ ಸಲ ಆಲ್ಬಂ ಅರ್ಧವೇ ಮುಟ್ಟಿತು.

ಇನ್ನು ಮೊದಲು ಯಾರು ಅನ್ನುವ ಲೆಕ್ಕಕ್ಕೆ ಇಳಿದರೆ ಅದಕ್ಕೆ ಕೊನೆಯೇ ಇಲ್ಲ. ಅಹಮದಾಬಾದಿನ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಡಿಸೈನ್‌ಗೆ 1969ರಲ್ಲೇ ಮೂಗ್ ಸಿಂಥಸೈಸರ್ ಬಂದಿತ್ತು. ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ಬಂದು ಸ್ಟುಡಿಯೋ ಕಟ್ಟಲು ನೆರವಾಗಿದ್ದರು. ಗೀತಾ ಸಾರಾಭಾಯಿ ಅವರಂಥ ನಮ್ಮವರೇ ಅಲ್ಲಿ ನಾಲ್ಕು ವರ್ಷ ಇಲೆಕ್ಟ್ರಾನಿಕ್ ಸಂಗೀತ ಮಾಡಿ ಟೇಪಿನಲ್ಲಿ ಹಿಡಿದಿಟ್ಟರು. ಆ ಟೇಪುಗಳು ಆಲ್ಬಂ ಆಗಿ ಬಂದದ್ದು 2023ರಲ್ಲಿ. ಅಷ್ಟು ದಿನ ಕಪಾಟಿನಲ್ಲಿದ್ದವು. ನಮ್ಮಲ್ಲಿ ಕೆಲಸ ಮಾಡುವವರಿಗೆ ಕೊರತೆ ಇರಲಿಲ್ಲ. ಕೇಳಿ ಒಂದು ಜಾಗದಲ್ಲಿಡುವವರಿಗೆ ಕೊರತೆ ಇತ್ತು.

ಸಿಂಗ್ ಅವರಿಗೆ ಒಂದಿಷ್ಟಾದರೂ ಸಿಕ್ಕಿತು. ಎಪ್ಪತ್ತರ ವಯಸ್ಸಿನಲ್ಲಿ ಯುರೋಪಿನ ವೇದಿಕೆಗಳ ಮೇಲೆ ಅದೇ ರಾಗಗಳನ್ನು ನುಡಿಸಿದರು, ಎಳೆಯ ಹುಡುಗರು ಕುಣಿದರು. 2015ರ ಜುಲೈಯಲ್ಲಿ ಮುಂಬೈಯಲ್ಲೇ ತೀರಿಕೊಂಡರು.

ಆ ರವಿವಾರ ಮಾಸ್ತರರು ಮಾಲಕಂಸವನ್ನು ಪೂರ್ತಿ ಕೇಳಲಿಲ್ಲ. ಮಧ್ಯಾಹ್ನ ಮೂರು ಗಂಟೆಗೆ ಅದನ್ನು ಕೇಳಬಾರದು ಅಂತ ಎದ್ದು ಬಾಲ್ಕನಿಗೆ ಹೋಗಿ ನಿಂತರು. ನಾವೂ ಒತ್ತಾಯ ಮಾಡಲಿಲ್ಲ. ಹೊರಡುವಾಗ ಅಕ್ಕನ ಮಗ ತನ್ನ ಹೆಡ್‌ಫೋನ್ ಅವರ ಕೈಗೆ ಕೊಟ್ಟು, ಫೋನಿನಲ್ಲಿ ಹೇಗೆ ಹಾಕುವುದು ಅಂತ ಎರಡು ಸಲ ತೋರಿಸಿದ.

ಬುಧವಾರ ರಾತ್ರಿ ಹನ್ನೆರಡೂವರೆಗೆ ಫೋನ್ ಬಂತು. ಹಿನ್ನೆಲೆಯಲ್ಲಿ ಕೊನೆಯ ಲೋಕಲ್ ಹೋಗುವ ಸದ್ದು. ಅವರ ಮನೆ ಹಳಿಯ ಪಕ್ಕದಲ್ಲೇ.

"ಮಾಲಕಂಸ ಈಗ ಕೇಳಿದೆ" ಅಂದರು. "ರಾತ್ರಿ ಹಾಕಬೇಕದನ್ನ. ಖಾಲಿ ಇಲ್ಲದಿದ್ದರೂ ನಡೀತದ."

ಒಂದು ಕ್ಷಣ ಸುಮ್ಮನಿದ್ದು, "ಆ ಮನಶ್ಯಾ ಎಲ್ಲಿದ್ದರಂದಿ?" ಅಂತ ಕೇಳಿದರು.

"ಇಲ್ಲೇ ಮಾಸ್ತರೇ. ಮುಂಬೈಯಲ್ಲೇ."

"ಅಷ್ಟೂ ವರ್ಷ?"

"ಅಷ್ಟೂ ವರ್ಷ."

"ನಾವೂ ಇಲ್ಲೇ ಇದ್ದಿವಲ್ಲೋ ತಮ್ಮಾ" ಅಂದರು.